ಪ್ಯಾಟರ್ನ್ ಬಿಟ್, ಫ್ಲಶ್ ಟ್ರಿಮ್ ಬಿಟ್: ಬೇರಿಂಗ್ ಎಲ್ಲಿದೆ ನೋಡಿ

ರೂಟರ್ ಅಂದ ಕೂಡಲೇ ವೈಫೈ ಡಬ್ಬಿ ನೆನಪಾಗುತ್ತೆ ಅಲ್ವಾ? ಇದು ಅದಲ್ಲ, ಬಡಗಿಗಳ ರೂಟರ್. ಮೋಟರಿನ ತುದಿಗೆ ಬಿಟ್, ಅಂದರೆ ಅಲಗಿರುವ ಕಡ್ಡಿ, ಸಿಕ್ಕಿಸಿ, ಅದು ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತಿರುವಾಗ ಮರದ ಅಂಚನ್ನು ಕೆತ್ತುತ್ತಾ ಹೋಗುವ ಯಂತ್ರ. ಇದರ ಚಿಕ್ಕ ತಮ್ಮನೇ ಟ್ರಿಮ್ಮರ್. ಕರೆಂಟಿಗೂ ಮುಂಚೆ ರೂಟರ್ ಅನ್ನುವ ಹೆಸರಿನದೇ ಕೈ ಉಪಕರಣ ಇತ್ತು. ಇಂಗ್ಲೆಂಡಿನವರು ಅದನ್ನು ‘ಮುದುಕಿ ಹಲ್ಲು’ ಅಂತಲೂ ಕರೆಯುತ್ತಿದ್ದರು. ಮರದ ತುಂಡಿನಿಂದ ಒಂಟಿ ಉಳಿ ಹೊರಗೆ ಚಾಚಿಕೊಂಡಿರುತ್ತಿತ್ತಲ್ಲ, ಅದಕ್ಕೆ.

ಈಗ ಟೆಂಪ್ಲೇಟ್. ಕನ್ನಡದಲ್ಲಿ ಸುಮ್ನೆ ಅಚ್ಚು ಅನ್ನಿ. ಹಲಸಿನ ಮರದಲ್ಲಿ ಆರು ಊಟದ ಮಣೆ ಮಾಡಬೇಕು, ಆರೂ ಒಂದೇ ತರಹ ಇರಬೇಕು ಅಂದುಕೊಳ್ಳಿ. ಒಂದೊಂದಕ್ಕೂ ಗೆರೆ ಎಳೆದು ಗರಗಸ ಹಿಡಿದರೆ ಆರು ಆಕಾರ ಬರುತ್ತವೆ. ಅದರ ಬದಲು 9 ಅಥವಾ 12 ಮಿ.ಮೀ. ದಪ್ಪದ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದೇ ಒಂದು ಮಣೆಯ ಆಕಾರ ಮಾಡಿ, ಅದರ ಅಂಚನ್ನು ಕೈಗೆ ನುಣುಪಾಗುವ ತನಕ ಉಜ್ಜಿ. ಅದನ್ನು ಎರಡು ಬದಿ ಅಂಟುವ ಟೇಪಿನಲ್ಲಿ ಹಲಗೆಗೆ ಕೂರಿಸಿ, ಸುತ್ತ 2 ಮಿ.ಮೀ. ಬಿಟ್ಟು ಗರಗಸದಲ್ಲಿ ಕತ್ತರಿಸಿ. ಉಳಿದ 2 ಮಿ.ಮೀ. ಬಿಟ್ ತಿನ್ನುತ್ತದೆ. ಉಜ್ಜುವಾಗ ಸೋಮಾರಿತನ ಮಾಡಬೇಡಿ. ಅಚ್ಚಿನಲ್ಲಿ ಒಂದು ಗುಳಿ ಇದ್ದರೆ ಆರೂ ಮಣೆಗಳಲ್ಲಿ ಅದೇ ಗುಳಿ.

ಅಚ್ಚಿನ ಗೆರೆ ಬಿಟ್ಟಿಗೆ ಹೇಗೆ ಗೊತ್ತಾಗುತ್ತದೆ? ಬೇರಿಂಗ್‌ನಿಂದ. ಬಿಟ್ ಮೇಲೆ ಅದರಷ್ಟೇ ಅಗಲದ ಪುಟ್ಟ ಬೇರಿಂಗ್ ಇರುತ್ತದೆ. ಅದು ಅಚ್ಚಿನ ಅಂಚಿಗೆ ಒರಗಿ ಉರುಳುತ್ತದೆ, ಅಲಗು ಅದೇ ಗೆರೆಯಲ್ಲಿ ಮರ ಕತ್ತರಿಸುತ್ತದೆ. ಬೇರಿಂಗ್ ಮೇಲೆ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಕಡ್ಡಿಯ ಕಡೆ ಇದ್ದರೆ ಪ್ಯಾಟರ್ನ್ ಬಿಟ್. ತುದಿಯಲ್ಲಿದ್ದರೆ ಫ್ಲಶ್ ಟ್ರಿಮ್ ಬಿಟ್. ಕೈಯಲ್ಲಿ ಹಿಡಿದು ಓಡಿಸುವಾಗ ಮೊದಲನೆಯದಕ್ಕೆ ಅಚ್ಚು ಹಲಗೆಯ ಮೇಲಿರಬೇಕು, ಎರಡನೆಯದಕ್ಕೆ ಕೆಳಗೆ. ಬೇರಿಂಗ್ ಅಚ್ಚಿಗೆ ತಾಗುತ್ತಿದೆಯಾ ಅಂತ ಬಗ್ಗಿ ನೋಡದೆ ಸ್ವಿಚ್ ಒತ್ತಿ, ಹಲಗೆಯ ಜೊತೆ ಅರ್ಧ ದಿನ ಉಜ್ಜಿದ ಅಚ್ಚನ್ನೂ ತಿಂದುಹಾಕಿದ ಮಹಾನುಭಾವ ನಾನೇ.

ಬೇರಿಂಗ್ ಇಲ್ಲದ ಸಾದಾ ಬಿಟ್ಟಿನಲ್ಲೂ ಅಚ್ಚು ಬಳಸಬಹುದು. ಅದಕ್ಕೆ ಗೈಡ್ ಬುಶ್ ಬೇಕು. ಇದು ರೂಟರಿನ ತಳಕ್ಕೆ ಕೂರುವ ಲೋಹದ ಕೊಳವೆ, ಬಿಟ್ ಅದರ ನಡುವೆ ಇಳಿಯುತ್ತದೆ, ಅಚ್ಚಿಗೆ ತಾಗುವುದು ಕೊಳವೆ. ಇಲ್ಲಿ ಒಂದು ಲೆಕ್ಕ ಇದೆ. ಬುಶ್‌ನ ಹೊರ ಅಗಲದಲ್ಲಿ ಬಿಟ್‌ನ ಅಗಲ ಕಳೆದು ಅರ್ಧ ಮಾಡಿ. 16 ಮಿ.ಮೀ. ಬುಶ್, 10 ಮಿ.ಮೀ. ಬಿಟ್ ಆದರೆ ಅಂತರ 3 ಮಿ.ಮೀ. ಅಚ್ಚಿನ ಹೊರಗಡೆ ಸುತ್ತಿದರೆ ಮಣೆ ಪ್ರತಿ ಬದಿಗೂ 3 ಮಿ.ಮೀ. ದೊಡ್ಡದು, ಒಳಗಿನ ತೂತಾದರೆ ಅಷ್ಟೇ ಚಿಕ್ಕದು.

ಬಿಟ್ ಕೊಳ್ಳುವಾಗ ಇನ್ನೊಂದು: ಕಾಲು ಇಂಚು ಅಂದರೆ 6.35 ಮಿ.ಮೀ., 6 ಅಲ್ಲ. ಕಾಲು ಇಂಚಿನ ಕಾಲೆಟ್‌ಗೆ, ಅಂದರೆ ಯಂತ್ರದಲ್ಲಿ ಬಿಟ್ಟಿನ ಕಡ್ಡಿ ಹಿಡಿಯುವ ಹಿಡಿಕೆಗೆ, 6 ಮಿ.ಮೀ. ಕಡ್ಡಿ ಸಿಕ್ಕಿಸಿದರೆ ಹಿಡಿತ ಸಾಲದೆ ಜಾರುತ್ತದೆ.

ದಿಕ್ಕು? ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದ ರೂಟರನ್ನು ಹೊರ ಅಂಚಿನಲ್ಲಿ ಅಪ್ರದಕ್ಷಿಣೆ, ತೂತಿನೊಳಗೆ ಪ್ರದಕ್ಷಿಣೆ ಓಡಿಸಬೇಕು. ತಿರುಗಾ ಮುರುಗಾ ಮಾಡಿದರೆ ಯಂತ್ರವೇ ನಿಮ್ಮನ್ನು ಎಳೆದುಕೊಂಡು ಓಡುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಮಣೆಯ ಮೂಲೆಯ ತಿರುವಿನಲ್ಲಿ ಚಕ್ಕೆ ಏಳುತ್ತದೆ. ಯಾಕೆಂದರೆ ಆ ತಿರುವಿನ ಒಂದು ಬದಿಯಲ್ಲಿ ಅಲಗು ಮರದ ಎಳೆಯನ್ನು ಒರಗಿಸಿ ಕತ್ತರಿಸಿದರೆ, ಇನ್ನೊಂದು ಬದಿಯಲ್ಲಿ ಎಳೆಯ ಕೆಳಗೆ ನುಗ್ಗಿ ಕಿತ್ತುಹಾಕುತ್ತದೆ. ಅಲ್ಲೇ ನಿಲ್ಲಿಸಿ, ಅಚ್ಚು ಸಮೇತ ಹಲಗೆಯನ್ನು ಮಗುಚಿ. ಈಗ ಅಚ್ಚು ಕೆಳಗೆ ಹೋಯಿತು, ಆದ್ದರಿಂದ ಪ್ಯಾಟರ್ನ್ ಬಿಟ್ ತೆಗೆದು ಫ್ಲಶ್ ಟ್ರಿಮ್ ಹಾಕಿ, ಉಳಿದ ಬದಿ ಮುಗಿಸಿ. ಪ್ರತಿ ಸಲ ಬಿಟ್ ಬದಲಿಸುವುದು ತಲೆನೋವು ಅನ್ನುವವರಿಗೆ ಮೇಲೊಂದು ಕೆಳಗೊಂದು ಬೇರಿಂಗ್ ಇರುವ ಬಿಟ್ಟೂ ಸಿಗುತ್ತದೆ. ಬೆಲೆ ಜಾಸ್ತಿ. ಒಂದೇ ಮಣೆಗಾದರೆ ಬೇಡ, ಆರಕ್ಕಾದರೆ ನಾನು ತಗೊಳ್ಳುತ್ತೇನೆ.