ಬ್ಲೇಡು ತಾಗಿಸಿದರೆ ಗಡ್ಡ ಬರುತ್ತಾ?

ಪ್ರಶ್ನೆ: ಮುಖದ ಮೇಲಿನ ಸಣ್ಣ ಕೂದಲನ್ನು ಮನೆಯಲ್ಲೇ ಫೇಸ್ ರೇಜರ್‌ನಿಂದ ತೆಗೆಯಬೇಕು ಅಂತಿದ್ದೇನೆ. ಒಮ್ಮೆ ಬ್ಲೇಡು ತಾಗಿಸಿದರೆ ಆಮೇಲೆ ದಪ್ಪಗೆ, ಕಪ್ಪಗೆ ಬರುತ್ತೆ ಅಂತ ಅಮ್ಮ ಬೇಡ ಅಂತಾರೆ. ಹೌದಾ?

ಉತ್ತರ: ಬರುವುದಿಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮರಳಿ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಕೂದಲು ಎಷ್ಟು ದಪ್ಪ, ಎಷ್ಟು ಕಪ್ಪು ಅನ್ನುವುದು ತೀರ್ಮಾನವಾಗುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದನ್ನು ಕತ್ತರಿಸಿದ್ದು ಬುಡಕ್ಕೆ ಗೊತ್ತಾಗುವುದೇ ಇಲ್ಲ. ಮತ್ತೆ ನಾಲ್ಕು ದಿನ ಬಿಟ್ಟು ಕೈಯಾಡಿಸಿದರೆ ತರಿತರಿ ಅನ್ನಿಸುವುದೇಕೆ? ಭತ್ತದ ಗದ್ದೆ ನೋಡಿ. ನಿಂತ ಪೈರಿನ ತುದಿ ಸವರಿದರೆ ಮೆತ್ತಗಿರುತ್ತದೆ. ಕೊಯ್ಲಾದ ಮೇಲೆ ಅದೇ ಪೈರಿನ ಕೂಳೆ ಅಂಗಾಲಿಗೆ ಚುಚ್ಚುತ್ತದೆ. ಪೈರು ದಪ್ಪವಾಗಲಿಲ್ಲ, ಮೊಂಡಾಯಿತು ಅಷ್ಟೇ. ಮುಖದ ಈ ನವಿರು ಕೂದಲು ಸಾಮಾನ್ಯವಾಗಿ 0.03 ಮಿ.ಮೀ.ಗಿಂತ ತೆಳು, ತುದಿಗೆ ಹೋದಂತೆ ಇನ್ನೂ ಸಪೂರ. ಕತ್ತರಿಸಿದಾಗ ಆ ಸಪೂರ ತುದಿ ಹೋಗುತ್ತದೆ, ಮೊಂಡು ತುದಿ ಬೆರಳಿಗೆ ಸಿಗುತ್ತದೆ.

ಇದನ್ನು ಅಳೆದೂ ನೋಡಿದ್ದಾರೆ. 1928ರಲ್ಲೇ ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಬೋಳಿಸಿದ್ದರಿಂದ ಕೂದಲ ಬೆಳವಣಿಗೆ ಬದಲಾಗದು ಎಂದು ತೋರಿಸಿದರು. 1970ರ ಇನ್ನೊಂದು ಅಧ್ಯಯನದಲ್ಲಿ ಐವರು ಯುವಕರ ಒಂದೊಂದೇ ಕಾಲನ್ನು ವಾರಕ್ಕೊಮ್ಮೆ ತಿಂಗಳುಗಟ್ಟಲೆ ಬೋಳಿಸಿದರು. ದಪ್ಪದಲ್ಲಾಗಲಿ ವೇಗದಲ್ಲಾಗಲಿ ಎರಡೂ ಕಾಲಿಗೆ ವ್ಯತ್ಯಾಸ ಕಾಣಲಿಲ್ಲ.

ನವಿರು ಕೂದಲನ್ನು ಒರಟಾಗಿಸುವುದು ಹಾರ್ಮೋನು. ಹದಿಹರೆಯದಲ್ಲಿ ಹಾರ್ಮೋನು ಏರುವುದೂ ಮೊದಲ ಸಲ ಬ್ಲೇಡು ಹಿಡಿಯುವುದೂ ಒಟ್ಟಿಗೇ ಆಗುತ್ತವೆ, ತಪ್ಪು ಬ್ಲೇಡಿನ ತಲೆಗೆ ಬರುತ್ತದೆ. ಗದ್ದ, ಮೇಲ್ದುಟಿಯಲ್ಲಿ ಒರಟು ಕೂದಲು ಹೆಚ್ಚುತ್ತಿದ್ದು ಮುಟ್ಟೂ ಏರುಪೇರಾಗಿದ್ದರೆ ರೇಜರ್ ಬದಿಗಿಟ್ಟು ಡಾಕ್ಟರಿಗೆ ತೋರಿಸಿ. ಪಿಸಿಓಡಿ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು) ಇರಬಹುದು.

ಇನ್ನು ತೆಗೆಯುವ ಬಗೆ. ರಾತ್ರಿ ಮಾಡಿ. ಸಮಾರಂಭವಿದ್ದರೆ ಎರಡು ದಿನ ಮೊದಲೇ. ಮುಖ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ನವಿರು ಕೂದಲು ಚರ್ಮಕ್ಕೆ ಅಂಟಿಕೊಂಡು ಬ್ಲೇಡಿಗೆ ಸಿಗುವುದಿಲ್ಲ. ಗಾರ್ಡ್ ಇರುವ ಒಂಟಿ ಬ್ಲೇಡಿನ ರೇಜರ್ ಸಾಕು. ಒಂದು ಕೈಯಲ್ಲಿ ಚರ್ಮ ಬಿಗಿಯಾಗಿ ಎಳೆದು, ಬ್ಲೇಡನ್ನು ಸುಮಾರು 45 ಡಿಗ್ರಿ ಓರೆ ಹಿಡಿದು, ಕಿವಿಯ ಪಕ್ಕದಿಂದ ಶುರುಮಾಡಿ ಕೂದಲು ಮಲಗಿದ ದಿಕ್ಕಿಗೆ ಒಂದೆರಡು ಸೆಂ.ಮೀ. ಉದ್ದಕ್ಕೆ ಹಗುರವಾಗಿ ಎಳೆಯಿರಿ. ಬ್ಲೇಡಿನ ಮೇಲೆ ಕೂದಲಿನ ಜೊತೆ ಬೂದು ಬಣ್ಣದ ಹುಡಿ ಕೂರುತ್ತದೆ. ಸತ್ತ ಚರ್ಮ ಅದೇ. ಟಿಶ್ಯೂನಲ್ಲಿ ಒರೆಸುತ್ತಾ ಹೋಗಿ. ಎಡವುವುದು ಇಲ್ಲೇ: ಹುಡಿ ಬರುತ್ತಿದೆಯೆಂದು ಅದೇ ಜಾಗದಲ್ಲಿ ನಾಲ್ಕೈದು ಸಲ ಎಳೆಯುತ್ತಾರೆ, ಮರುದಿನ ಉರಿ, ಕೆಂಪು. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಆ ಉರಿ ಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು. ಬಂಗು ಇರುವವರಂತೂ ಡಾಕ್ಟರನ್ನು ಕೇಳದೆ ಮಾಡಬೇಡಿ. ಕೀವು ತುಂಬಿದ ಮೊಡವೆ, ತುಟಿಯ ಹರ್ಪಿಸ್ ನೀರುಗುಳ್ಳೆ, ಇಸುಬು ಇರುವ ಕಡೆ ಬ್ಲೇಡು ಬೇಡ. ಮೊಡವೆಗೆ ಕೊಡುವ ಟ್ರೆಟಿನಾಯಿನ್, ಅಡಾಪಲಿನ್ ಕ್ರೀಮು ಹಚ್ಚುವವರು ನಾಲ್ಕೈದು ದಿನ ಮೊದಲೇ ನಿಲ್ಲಿಸಿ.

ಆಮೇಲೆ ಬರೀ ಮಾಯಿಶ್ಚರೈಸರ್. ಸ್ಕ್ರಬ್, ಬ್ಲೀಚ್, ವಿಟಮಿನ್ ಸಿ, ನಿಂಬೆರಸ ಎರಡು ದಿನ ದೂರವಿರಲಿ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಮೂರ್ನಾಲ್ಕು ವಾರಕ್ಕೊಮ್ಮೆ ಸಾಕು. ಎರಡು ಮೂರು ಸಲಕ್ಕೆ ಬ್ಲೇಡು ಬದಲಿಸಿ, ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳಬೇಡಿ.

ಕೇಳದಿದ್ದರೂ ಒಂದು ಮಾತು, ಏಕೆಂದರೆ ಬೇರು ಒಂದೇ. ಜವಳ ತೆಗೆಸಿದರೆ ಮಗುವಿಗೆ ಕೂದಲು ದಟ್ಟವಾಗುತ್ತದೆ ಅನ್ನುವುದೂ ಇದೇ ನಂಬಿಕೆ. ಹುಟ್ಟುಗೂದಲು ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಉದುರಿ ಹೊಸದು ಬರುತ್ತದೆ, ಬೋಳಿಸಿದರೂ ಬಿಟ್ಟರೂ. ಹರಕೆಗೆ, ಸಂಪ್ರದಾಯಕ್ಕೆ ತೆಗೆಸಿ, ಸಂತೋಷ. ಆದರೆ ಕ್ಷೌರಿಕರು ನಿಮ್ಮ ಕಣ್ಣೆದುರಿಗೇ ಹೊಸ ಬ್ಲೇಡು ಹಾಕಲಿ.