ಪುನರ್ಪುಳಿಯ ಕೆಂಪಿಗೆ ನಮ್ಮ ಹೊಟ್ಟೆಯೊಳಗೆ ಏನಾಗುತ್ತದೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಬೇಸಗೆಯಲ್ಲಿ ಅಂಗಳದ ಚಾಪೆಯ ಮೇಲೆ ಒಣಗುವ ಪುನರ್ಪುಳಿ (ಕೋಕಂ) ಸಿಪ್ಪೆಯ ಕೆಂಪಿಗೂ ಕುಂಟಲ, ನೇರಳೆ ಹಣ್ಣಿನ ಕಡುಬಣ್ಣಕ್ಕೂ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳೇ ಕಾರಣ. ದುಬಾರಿ ಬ್ಲೂಬೆರ್ರಿಯಲ್ಲಿರುವುದೂ ಇದೇ ವರ್ಗದ ಬಣ್ಣ. ಇಂಥ ಹಣ್ಣಿನ ಪೊಟ್ಟಣದ ಮೇಲೆ ಅಚ್ಚಾಗುವ ಆಂಟಿಆಕ್ಸಿಡೆಂಟ್ (ಆಮ್ಲಜನಕದಿಂದಾಗುವ ಹಾನಿ ತಡೆಯುವ ಗುಣದ) ಅಂಕಿ ಪರೀಕ್ಷಾನಳಿಕೆಯಲ್ಲಿ ಅಳೆದದ್ದು. ಕರುಳಿನ ಲೆಕ್ಕವೇ ಬೇರೆ.

ಕರುಳಿನಲ್ಲಿ ಈ ಬಣ್ಣಕ್ಕೆ ಆಗುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಸಕ್ಕರೆ ಹಾಕದ ಪುನರ್ಪುಳಿ ರಸವನ್ನು ಎರಡು ಚಮಚ ಬೆರೆಸಿ, ನೊರೆ ಏಳುವುದು ನಿಲ್ಲುವವರೆಗೆ ಚಿಟಿಕೆ ಚಿಟಿಕೆಯಾಗಿ ಸೋಡಾಪುಡಿ ಹಾಕಿ. ಕೆಂಪು ಮಾಸಿ ಕಪ್ಪುನೀಲಿಯತ್ತ ತಿರುಗುತ್ತದೆ. ಕೂಡಲೇ ಲಿಂಬೆ ಹಿಂಡಿದರೆ ಕೆಂಪು ಬಹುಪಾಲು ಮರಳುತ್ತದೆ. ಅರ್ಧ ದಿನ ಬಿಟ್ಟು ಹಿಂಡಿದರೆ ಅಷ್ಟು ಮರಳುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಬಣ್ಣದ ಅಣುವಿನ ಉಂಗುರದಂಥ ರಚನೆ ಒಡೆದಿರುತ್ತದೆ. ಜಠರದ ಹುಳಿಯಲ್ಲಿ (ಹುಳಿಯ ಅಳತೆಯಾದ ಪಿಎಚ್ ಸುಮಾರು 1.5ರಿಂದ 3.5; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಕ್ಷೇಮವಾಗಿದ್ದ ಬಣ್ಣ, ಪಿಎಚ್ 6–7ರ ಸಣ್ಣ ಕರುಳಿಗೆ ಇಳಿದಾಗ ಹೀಗೆಯೇ ಒಡೆಯತೊಡಗುತ್ತದೆ. ಇಡಿಯಾಗಿ ಮೂತ್ರದಲ್ಲಿ ಸಿಗುವ ಪಾಲು ಸಾಮಾನ್ಯವಾಗಿ ಶೇ. 1ಕ್ಕೂ ಕಡಿಮೆ.

ಹಾಗೆಂದು ಉಳಿದದ್ದೆಲ್ಲ ವ್ಯರ್ಥವಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದೇಹದಲ್ಲಿ ಎಲ್ಲಿ ಹೋಯಿತೆಂದು ಪತ್ತೆಹಚ್ಚಲು ಗುರುತಿನ ಇಂಗಾಲ ಸೇರಿಸಿದ 500 ಮಿಲಿಗ್ರಾಂ ಸಯನಿಡಿನ್ ಗ್ಲೂಕೋಸೈಡನ್ನು (ಪುನರ್ಪುಳಿಯಲ್ಲೂ ಇರುವ ಬಣ್ಣ) ಎಂಟು ಗಂಡಸರಿಗೆ ಕೊಟ್ಟರು. ಆ ಇಂಗಾಲದ ಸುಮಾರು ಶೇ. 12ರಷ್ಟು ಮೂತ್ರ ಮತ್ತು ಉಸಿರಿನಲ್ಲಿ ಸಿಕ್ಕಿತು: ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ, ಮೂತ್ರದಲ್ಲಿ ಹೆಚ್ಚಾಗಿ ಫೀನಾಲಿಕ್ ಆಮ್ಲ, ಹಿಪ್ಯೂರಿಕ್ ಆಮ್ಲದಂಥ ಚೂರುಗಳಾಗಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬಣ್ಣಕ್ಕೆ ಅಂಟಿದ ಸಕ್ಕರೆಯನ್ನು ಕತ್ತರಿಸಿ ಉಳಿದದ್ದನ್ನು ಚೂರು ಮಾಡುತ್ತವೆ, ಯಕೃತ್ತು ಆ ಚೂರುಗಳ ರೂಪ ಬದಲಿಸುತ್ತದೆ. ನಮ್ಮ ರಕ್ತನಾಳಕ್ಕೆ ಪ್ರಯೋಜನವಿದ್ದರೆ ಅದು ಬಹುಪಾಲು ಈ ಚೂರುಗಳಿಂದಲೇ ಎಂಬುದು ಈಗ ಬಲವಾಗಿರುವ ಅಭಿಪ್ರಾಯ. ಒಬ್ಬೊಬ್ಬರ ಕರುಳಿನ ಬ್ಯಾಕ್ಟೀರಿಯಾ ಒಂದೊಂದು ಬಗೆ, ಹಾಗಾಗಿ ಒಂದೇ ಹಣ್ಣು ತಿಂದ ಇಬ್ಬರಿಗೆ ಒಂದೇ ಫಲ ಸಿಗದು. ಆಂಟಿಬಯೋಟಿಕ್ ನುಂಗುವ ದಿನಗಳಲ್ಲಂತೂ ಈ ಕೆಲಸವೇ ಕುಂಠಿತ.

ಅದಕ್ಕೇ ನೇರಳೆಯನ್ನು ಸೋಸಿ ರಸ ಮಾಡುವುದಕ್ಕಿಂತ ಸಿಪ್ಪೆ, ತಿರುಳು ಸಮೇತ ತಿನ್ನುವುದು ಮೇಲು. ನಾರಿಗೆ ಅಂಟಿಕೊಂಡ ಬಣ್ಣ ದೊಡ್ಡ ಕರುಳಿನವರೆಗೆ ತಲುಪುತ್ತದೆ. ಪುನರ್ಪುಳಿ ಸಿಪ್ಪೆಯನ್ನು ಕುದಿಸುವ ಬದಲು ತಣ್ಣೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಿ ಕಿವುಚಿದರೆ ಬಣ್ಣ ಹೆಚ್ಚು ಉಳಿಯುತ್ತದೆ. ತಿಂಗಳುಗಟ್ಟಲೆ ಇಟ್ಟ ಸಿರಪ್ಪು ಕಂದಾಗಿದ್ದರೆ ಅದರಲ್ಲಿ ಉಳಿದಿರುವುದು ಮುಖ್ಯವಾಗಿ ಸಕ್ಕರೆ ಮತ್ತು ಹುಳಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಒಗರಿನ ನೇರಳೆಯನ್ನು ಅದರ ಜೊತೆಗೆ ತಿನ್ನದೆ ಒಂದೆರಡು ಗಂಟೆ ಬಿಟ್ಟು ತಿನ್ನಬೇಕು: ಒಗರಿನ ಟ್ಯಾನಿನ್ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.