ಪ್ರೊಫೈಲ್ ಬದಲಿಸಿದರೂ ಯೂನಿಟ್ ಏಕೆ ಬದಲಾಗುವುದಿಲ್ಲ?

ಪ್ರಶ್ನೆ: ನನ್ನ ಒಬ್ಬ ಗ್ರಾಹಕರಿಗೆ ಮಿಲಿಮೀಟರಿನಲ್ಲಿ, ಇನ್ನೊಬ್ಬರಿಗೆ ಇಂಚಿನಲ್ಲಿ ಡ್ರಾಯಿಂಗ್ ಕೊಡಬೇಕು. ಅದಕ್ಕಾಗಿ ಆಟೊಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶದಲ್ಲಿ ಎರಡು ಪ್ರೊಫೈಲ್ (ಹೆಸರಿಟ್ಟು ಉಳಿಸಿದ ಸೆಟ್ಟಿಂಗ್‌ಗಳ ಗುಂಪು) ಮಾಡಿಕೊಂಡಿದ್ದೇನೆ. ಪ್ರೊಫೈಲ್ ಬದಲಿಸಿದರೂ ಯೂನಿಟ್ ಬದಲಾಗುತ್ತಿಲ್ಲವೇಕೆ?

ಉತ್ತರ: ನಿಮ್ಮ ಪ್ರೊಫೈಲ್ ಸರಿಯಾಗಿಯೇ ಇದೆ, ಯೂನಿಟ್ ಬದಲಿಸುವುದು ಅದರ ಕೆಲಸವಲ್ಲ. ಇದನ್ನು ಎಷ್ಟೋ ಬಾರಿ ಬರೆದಿದ್ದರೂ ‘ಎಲ್ಲ ಸೆಟ್ಟಿಂಗ್‌ಗಳೂ ಪ್ರೊಫೈಲ್‌ನಲ್ಲೇ ಇರುತ್ತವೆ’ ಎಂಬ ನಂಬಿಕೆ ಅಳಿದಿಲ್ಲವಾದ್ದರಿಂದ, ಈ ಸಲ ಬುಡದಿಂದಲೇ ವಿವರಿಸುತ್ತೇನೆ.

ಪ್ರೊಫೈಲ್ ಉಳಿಯುವುದು ವಿಂಡೋಸ್ ರಿಜಿಸ್ಟ್ರಿಯಲ್ಲಿ, ಅಂದರೆ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗಳ ದಾಖಲೆಯಲ್ಲಿ. ಸಪೋರ್ಟ್ ಫೈಲುಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕು, ಪ್ಲಾಟ್ ಸ್ಟೈಲ್‌ಗಳು (ಮುದ್ರಣದಲ್ಲಿ ಗೆರೆಗಳ ಬಣ್ಣ, ದಪ್ಪ ನಿರ್ಧರಿಸುವ ಫೈಲುಗಳು) ಎಲ್ಲಿವೆ, ಹೊಸ ಡ್ರಾಯಿಂಗಿಗೆ ಯಾವ ಟೆಂಪ್ಲೇಟ್ (ಆರಂಭದ ಮಾದರಿ ಫೈಲು), ಹಿನ್ನೆಲೆಯ ಬಣ್ಣ ಯಾವುದು ಎಂಬಂಥ, ಕೆಲಸ ಮಾಡುವವರಿಗೆ ಸಂಬಂಧಿಸಿದ ಸಂಗತಿಗಳು ಅದರಲ್ಲಿರುತ್ತವೆ. ಯೂನಿಟ್, ಲೇಯರ್, ಡೈಮೆನ್ಷನ್ ಸ್ಟೈಲ್, ಲೈನ್‌ಟೈಪ್ ಸ್ಕೇಲ್ ಇವೆಲ್ಲ ಇರುವುದು ಡ್ರಾಯಿಂಗ್ ಫೈಲಿನೊಳಗೆ. ಇದು ತಂತ್ರಾಂಶದ ದೋಷವಲ್ಲ, ಇರಬೇಕಾದ ರೀತಿಯೇ ಇದು. ನೀವು ಕಳುಹಿಸಿದ ಡ್ರಾಯಿಂಗನ್ನು ಇನ್ನೊಬ್ಬರು ತಮ್ಮ ಪ್ರೊಫೈಲ್‌ನಲ್ಲಿ ತೆರೆದೊಡನೆ ಅದರ ಯೂನಿಟ್ ಬದಲಾಗುವಂತಿದ್ದರೆ ಆ ಅಳತೆಗಳನ್ನು ಯಾರು ನಂಬಬೇಕು? ಡ್ರಾಯಿಂಗಿನ ಯೂನಿಟ್ ಯಾವುದೆಂದು ಅದರೊಳಗೇ ಹೇಳುವ ಸೆಟ್ಟಿಂಗ್ ಇನ್ಸ್‌ಯೂನಿಟ್ಸ್ (INSUNITS): ಅದರ ಮೌಲ್ಯ 1 ಇದ್ದರೆ ಇಂಚು, 4 ಇದ್ದರೆ ಮಿಲಿಮೀಟರ್. ಇಂಚಿನ ಬ್ಲಾಕನ್ನು (ಒಂದೇ ವಸ್ತುವಾಗಿ ಸೇರಿಸಬಹುದಾದ ಸಿದ್ಧ ಚಿತ್ರವನ್ನು) ಮಿಲಿಮೀಟರ್ ಡ್ರಾಯಿಂಗಿಗೆ ಸೇರಿಸಿದಾಗ ಅದು ತಾನಾಗಿ 25.4 ಪಟ್ಟು ದೊಡ್ಡದಾಗಿ ಸರಿಯಾಗಿ ಕೂರುವುದು ಎರಡೂ ಕಡೆ ಈ ಮೌಲ್ಯ ಜೊತೆಗೇ ಇರುವುದರಿಂದ. ಇನ್ನೂ ಸಂಶಯವಿರುವವರು ಆಪ್ಷನ್ಸ್ ಕಿಟಕಿಯನ್ನು ತೆರೆದು ನೋಡಬೇಕು: ಡ್ರಾಯಿಂಗಿನಲ್ಲಿ ಉಳಿಯುವ ಆಯ್ಕೆಗಳ ಪಕ್ಕದಲ್ಲಿ ಡ್ರಾಯಿಂಗ್ ಫೈಲಿನ ಚಿಕ್ಕ ಚಿಹ್ನೆ ಇರುತ್ತದೆ.

ಆದ್ದರಿಂದ ಯೂನಿಟ್‌ಗಳನ್ನು ಎರಡು ಬೇರೆ ಟೆಂಪ್ಲೇಟ್‌ಗಳಲ್ಲಿ ಇಟ್ಟು, ಹೊಸ ಡ್ರಾಯಿಂಗ್ ತೆರೆಯುವ ಕ್ಯೂನ್ಯೂ (QNEW) ಆಜ್ಞೆ ಬಳಸಬೇಕಾದ ಟೆಂಪ್ಲೇಟ್ ಯಾವುದೆಂದು ಪ್ರತಿ ಪ್ರೊಫೈಲ್‌ನಲ್ಲೂ ಸೂಚಿಸಿರಿ. ಡೆಸ್ಕ್‌ಟಾಪ್‌ನಲ್ಲಿ ಎರಡು ಶಾರ್ಟ್‌ಕಟ್ ಮಾಡಿ, ಟಾರ್ಗೆಟ್ ಸಾಲಿನ ಕೊನೆಗೆ ಸ್ಲ್ಯಾಶ್ ಪಿ (/p) ಮತ್ತು ಉದ್ಧರಣ ಚಿಹ್ನೆಯೊಳಗೆ ಪ್ರೊಫೈಲ್ ಹೆಸರನ್ನು ಬರೆದರೆ ಆಯಿತು. ಹಳೆಯ ಡ್ರಾಯಿಂಗುಗಳು ಮಾತ್ರ ತಮ್ಮ ಯೂನಿಟ್‌ನಲ್ಲೇ ತೆರೆದುಕೊಳ್ಳುತ್ತವೆ. ರಿಬ್ಬನ್ ಮತ್ತು ಪ್ಯಾಲೆಟ್‌ಗಳ ಜೋಡಣೆ ವರ್ಕ್‌ಸ್ಪೇಸ್‌ಗೆ ಸೇರಿದ್ದು. ಅದನ್ನು ಪ್ರೊಫೈಲ್‌ನೊಂದಿಗೆ ಬೆರೆಸಬೇಡಿ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಲೇಬೇಕು. ಚಾಲ್ತಿಯಲ್ಲಿರುವ ಪ್ರೊಫೈಲ್‌ಗೆ ಪ್ರತ್ಯೇಕ ‘ಸೇವ್’ ಇಲ್ಲ. ನೀವು ಮಾಡಿದ ಬದಲಾವಣೆ ಅದರಲ್ಲೇ ದಾಖಲಾಗುತ್ತ ಹೋಗುತ್ತದೆ. ಹಾಗಾಗಿ ಎಲ್ಲವೂ ಸರಿಯಾಗಿರುವಾಗಲೇ ಪ್ರೊಫೈಲನ್ನು ಎಕ್ಸ್‌ಪೋರ್ಟ್ ಮಾಡಿ, ಸಿಗುವ ಎಆರ್‌ಜಿ (.arg) ಫೈಲನ್ನು ತೆಗೆದಿಡಿ. ಅದನ್ನು ಬೇರೆ ಕಂಪ್ಯೂಟರಿಗೆ ಒಯ್ಯುವುದಾದರೆ, ಅದರಲ್ಲಿರುವುದು ಪ್ಲಾಟರ್ ಮತ್ತು ಪ್ಲಾಟ್ ಸ್ಟೈಲ್ ಫೋಲ್ಡರುಗಳ ವಿಳಾಸ ಮಾತ್ರ, ಆ ಫೈಲುಗಳಲ್ಲ ಎಂಬುದನ್ನು ಗಮನಿಸಿ. ಫೈಲುಗಳನ್ನು ಬೇರೆಯಾಗಿ ನಕಲು ಮಾಡಿ. ವಿಳಾಸಗಳಲ್ಲಿ ಹಳೆಯ ಕಂಪ್ಯೂಟರಿನ ಬಳಕೆದಾರ ಹೆಸರು ಉಳಿದಿದ್ದರೆ ಆಪ್ಷನ್ಸ್‌ನ ಫೈಲ್ಸ್ ಟ್ಯಾಬ್‌ನಲ್ಲಿ ಒಂದೊಂದಾಗಿ ತಿದ್ದಿರಿ.